ಪಾಸ್‌ಬುಕ್ಕಿನ ಶಿಲ್ಕು, ಕೈಪುಸ್ತಕದ ಲೆಕ್ಕ: ಎಂಟನೇ ತರಗತಿಯಲ್ಲಿ ಎರಡು ಅವಧಿಗಳ ಪಾಠ

ಬಿ.ಇಡಿ. ಎರಡನೆಯ ವರ್ಷದ ಶಾಲಾ ಅನುಭವದ ಅವಧಿಯಲ್ಲಿ ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಗೆ ನಾನು ಗಣಿತ ಬೋಧಿಸಿದೆ. ಪೂರ್ಣಾಂಕಗಳ ಸಂಕಲನ, ವ್ಯವಕಲನಗಳನ್ನು ದಿನನಿತ್ಯದ ಬದುಕಿಗೆ ಜೋಡಿಸುವ ಒಂದು ಪಾಠವನ್ನು ನೀವೇ ಆರಿಸಿಕೊಳ್ಳಿ ಎಂದು ಮಾರ್ಗದರ್ಶಕ ಶಿಕ್ಷಕರು ಹೇಳಿದಾಗ ನಾನು ಬ್ಯಾಂಕಿನ ಉಳಿತಾಯ ಖಾತೆಯನ್ನು ಆರಿಸಿಕೊಂಡೆ. ಅದಕ್ಕೆ ನಮ್ಮ ಮನೆಯಲ್ಲೇ ಒಂದು ಕಾರಣವಿತ್ತು.

ನಾನು ಪದವಿ ಓದುತ್ತಿದ್ದಾಗ ತಂದೆ ಗೊಬ್ಬರದ ಅಂಗಡಿಗೆ ಒಂದು ಚೆಕ್ ಬರೆದುಕೊಟ್ಟಿದ್ದರು. ಅಂಗಡಿಯವರು ಅದನ್ನು ಬ್ಯಾಂಕಿಗೆ ಹಾಕಿದ್ದು ಐದು ವಾರ ಕಳೆದ ಮೇಲೆ. ಅಷ್ಟರಲ್ಲಿ ತಂದೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಅಲ್ಲಿ ಕಂಡ ಮೊತ್ತವನ್ನು ನಂಬಿ ನನ್ನ ಕಾಲೇಜಿನ ಫೀಸಿಗೆ ಹಣ ತೆಗೆದಿದ್ದರು. ಚೆಕ್ ಹಿಂದಕ್ಕೆ ಬಂತು. ಬ್ಯಾಂಕು ಅದಕ್ಕೂ ಶುಲ್ಕ ಹಿಡಿದುಕೊಂಡಿತು. ಅಂಗಡಿಯವರು ಪರಿಚಯದವರಾದ್ದರಿಂದ ವಿಷಯ ಮುಂದುವರಿಯಲಿಲ್ಲ. ಆದರೆ ಇಪ್ಪತ್ತು ವರ್ಷ ಸಾಲ ಉಳಿಸಿಕೊಳ್ಳದೆ ವ್ಯವಹಾರ ಮಾಡಿದ ತಂದೆ, ಆ ಅಂಗಡಿಯ ಮುಂದೆ ಹಾಯುವುದನ್ನೇ ಕೆಲವು ತಿಂಗಳು ಬಿಟ್ಟಿದ್ದರು. ಅವರಿಗೆ ಕೂಡುವುದು, ಕಳೆಯುವುದು ಚೆನ್ನಾಗಿ ಬರುತ್ತದೆ. ಪಾಸ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಅಚ್ಚಾಗಿರುವ ಹಣ ಪೂರ್ತಿ ತಮ್ಮದಲ್ಲ ಎಂಬ ಒಂದು ಸಂಗತಿಯನ್ನು ಮಾತ್ರ ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಪಾಠದ ಉದ್ದೇಶಗಳು

1. ಪಾಸ್‌ಬುಕ್ಕಿನ ಪ್ರತಿ ಸಾಲಿನಲ್ಲಿ ಜಮಾ, ಖರ್ಚು, ಶಿಲ್ಕು ಯಾವುದೆಂದು ಗುರುತಿಸುವರು.
2. ಹಿಂದಿನ ಶಿಲ್ಕಿನಿಂದ ಮುಂದಿನ ಶಿಲ್ಕನ್ನು ತಾವೇ ಲೆಕ್ಕಹಾಕಿ ಪರೀಕ್ಷಿಸುವರು.
3. ಅಚ್ಚಾದ ಶಿಲ್ಕಿಗೂ ನಿಜವಾಗಿ ಖರ್ಚು ಮಾಡಬಹುದಾದ ಹಣಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವರು.
4. ಕೈಪುಸ್ತಕವನ್ನೂ ಪಾಸ್‌ಬುಕ್ಕನ್ನೂ ತಾಳೆ ನೋಡಿ, ವ್ಯತ್ಯಾಸಕ್ಕೆ ಕಾರಣ ಹುಡುಕುವರು.

ಮೊದಲ ಅವಧಿ: ನಾನು ಎಡವಿದ್ದು

ಹಿಂದಿನ ದಿನವೇ ಮಕ್ಕಳಿಗೆ ಮನೆಯ ಪಾಸ್‌ಬುಕ್ ತರಲು ಹೇಳಿದ್ದೆ. ನೈಜ ವಸ್ತುವೇ ಉತ್ತಮ ಬೋಧನೋಪಕರಣ ಎಂದು ಪಾಠಯೋಜನೆಯಲ್ಲಿ ಬರೆದೂ ಇದ್ದೆ. ಮೂವತ್ತನಾಲ್ಕು ಮಕ್ಕಳಲ್ಲಿ ಹನ್ನೊಂದು ಮಂದಿ ತಂದಿದ್ದರು. ಗುಂಪುಗಳಲ್ಲಿ ಕೂರಿಸಿ, ಕೊನೆಯ ಪುಟ ತೆರೆಯಿರಿ ಎಂದೆ. ಎರಡು ನಿಮಿಷವೂ ಆಗಿರಲಿಲ್ಲ, ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಗಟ್ಟಿಯಾಗಿ, "ಮಿಸ್, ಇವಳ ಅಮ್ಮನ ಖಾತೇಲಿ ಇಪ್ಪತ್ತೇಳೇ ರೂಪಾಯಿ ಐತೆ!" ಎಂದ. ತರಗತಿ ನಕ್ಕಿತು. ಆ ಹುಡುಗಿ ಪುಸ್ತಕ ಮುಚ್ಚಿ ಚೀಲದಲ್ಲಿಟ್ಟಳು. ಅವಧಿ ಮುಗಿಯುವವರೆಗೆ ತಲೆ ಎತ್ತಲಿಲ್ಲ.

ಪಾಠವನ್ನು ಹೇಗೋ ಮುಗಿಸಿದೆ. ಕಪ್ಪುಹಲಗೆಯ ಮೇಲಿನ ಲೆಕ್ಕಗಳನ್ನು ಮಕ್ಕಳು ಸರಿಯಾಗಿಯೇ ಮಾಡಿದರು. ಸಿಬ್ಬಂದಿ ಕೊಠಡಿಯಲ್ಲಿ ಮಾರ್ಗದರ್ಶಕರು ನನ್ನ ಅವಲೋಕನ ಪುಸ್ತಕದಲ್ಲಿ ಎರಡೇ ಸಾಲು ಬರೆದರು: "ಒಂದು ಮನೆಯ ಪಾಸ್‌ಬುಕ್ ಆ ಮನೆಯ ಗುಟ್ಟು. ಮಾದರಿ ಪಾಸ್‌ಬುಕ್ ತಯಾರಿಸಿ ಮತ್ತೆ ಬೋಧಿಸಿ." ಆಮೇಲೆ ಬಾಯಿಮಾತಿನಲ್ಲಿ ಇನ್ನೊಂದು ಮಾತು ಸೇರಿಸಿದರು: "ಮಕ್ಕಳು ಕೂಡಿ ಕಳೆದರು ಅಷ್ಟೆ. ಕೂಡಿ ಕಳೆಯುವುದು ಅವರಿಗೆ ಮೊದಲೇ ಬರುತ್ತಿತ್ತಲ್ಲಮ್ಮಾ?"

ಎರಡೂ ಮಾತು ಸರಿಯಾಗಿದ್ದವು. ಆ ರಾತ್ರಿ ಪಾಠಯೋಜನೆಯನ್ನು ಮೊದಲಿನಿಂದ ಬರೆದೆ.

ಮಾದರಿ ಪಾಸ್‌ಬುಕ್

ಹೊಲಿಗೆ ಕೆಲಸ ಮಾಡುವ ಒಬ್ಬ ತಾಯಿಯ ಖಾತೆಯನ್ನು ಕಲ್ಪಿಸಿಕೊಂಡೆ. ಮಕ್ಕಳೇ ಅವರನ್ನು "ಹೊಲಿಗೆಯಮ್ಮ" ಎಂದು ಕರೆದರು. ಡ್ರಾಯಿಂಗ್ ಹಾಳೆಯ ಮೇಲೆ ದೊಡ್ಡದಾಗಿ ಬರೆದ ಪುಟ ಇದು:

| ದಿನಾಂಕ | ವಿವರ | ಖರ್ಚು | ಜಮಾ | ಶಿಲ್ಕು |
|---|---|---|---|---|
| ಮೇ 16 | ಹಿಂದಿನ ಶಿಲ್ಕು | | | 2,350 |
| ಮೇ 18 | ನಗದು | | 1,500 | 3,850 |
| ಮೇ 22 | ಎಟಿಎಂ | 1,000 | | 2,850 |
| ಮೇ 25 | ಪಿಎಂಜೆಜೆಬಿವೈ | 436 | | 2,414 |
| ಮೇ 25 | ಪಿಎಂಎಸ್‌ಬಿವೈ | 20 | | 2,394 |
| ಮೇ 29 | ನೇರ ಜಮೆ, ಗೃಹಲಕ್ಷ್ಮಿ | | 2,000 | 4,394 |
| ಜೂನ್ 1 | ಯುಪಿಐ | 180 | | 4,214 |
| ಜೂನ್ 3 | ಯುಪಿಐ | 345 | | 3,869 |

ಇದರ ಜೊತೆಗೆ ಹೊಲಿಗೆಯಮ್ಮ ತಾವೇ ಬರೆದಿಟ್ಟ ಕೈಪುಸ್ತಕದ ಪುಟವನ್ನೂ ಪ್ರತಿ ಗುಂಪಿಗೆ ಒಂದರಂತೆ ಕೊಟ್ಟೆ. ಅದರಲ್ಲಿ ಹೀಗಿತ್ತು: ಹಿಂದಿನ ಶಿಲ್ಕು 2,350, ಮೇ 18 ಜಮಾ 1,500, ಮೇ 22 ಎಟಿಎಂ 1,000, ಮೇ 29 ಗೃಹಲಕ್ಷ್ಮಿ 2,000, ಮೇ 30 ಬಟ್ಟೆ ಅಂಗಡಿಗೆ ಚೆಕ್ 1,800, ಜೂನ್ 1 ದಿನಸಿ 180, ಜೂನ್ 3 ನೂಲು, ಗುಂಡಿ 354. ಕೊನೆಯ ಶಿಲ್ಕು 2,516.

ಎರಡನೆಯ ಅವಧಿ

ಹಂತ 1: ಪದಗಳು. ಮೊದಲ ಅವಧಿಯಲ್ಲಿ ನಾನು ಗಮನಿಸದೆ ಬಿಟ್ಟಿದ್ದ ತೊಡಕು ಇಲ್ಲೇ ಎದುರಾಯಿತು. ಕೊನೆಯ ಕಾಲಮ್ಮಿಗೆ ಕೆಲವು ಪಾಸ್‌ಬುಕ್ಕುಗಳಲ್ಲಿ "ಬಾಕಿ" ಎಂದಿರುತ್ತದೆ. ಅದರ ಅರ್ಥವೇನು ಎಂದು ಕೇಳಿದೆ. "ನಾವು ಕೊಡಬೇಕಾಗಿರೋ ದುಡ್ಡು ಮಿಸ್" ಎಂಬ ಉತ್ತರ ಮೂರು ಕಡೆಯಿಂದ ಬಂತು. ಅವರ ತಪ್ಪೇನೂ ಇಲ್ಲ. ಮನೆಯಲ್ಲಿ "ಅಂಗಡಿ ಬಾಕಿ" ಎಂದರೆ ಸಾಲ. ಬ್ಯಾಂಕಿನ ಪುಸ್ತಕದಲ್ಲಿ ಬಾಕಿ ಎಂದರೆ ಉಳಿದಿರುವ ಹಣ. ಹಾಗಾಗಿ ಹಳೆಯ ಲೆಕ್ಕದ ಪುಸ್ತಕಗಳ "ಶಿಲ್ಕು" ಎಂಬ ಪದವನ್ನೇ ಪಾಠದುದ್ದಕ್ಕೂ ಬಳಸಿದೆ. ಅಜ್ಜ ಸಂಘದ ಲೆಕ್ಕ ಬರೆಯುವಾಗ ಕೈಯಲ್ಲಿ ಉಳಿದ ಹಣಕ್ಕೆ ಶಿಲ್ಕು ಎನ್ನುತ್ತಾರೆ ಎಂದು ಒಬ್ಬ ಹುಡುಗ ಹೇಳಿದ್ದು ನನ್ನ ಕೆಲಸವನ್ನು ಸುಲಭ ಮಾಡಿತು.

ಹಂತ 2: ಸಾಲುಸಾಲಾಗಿ ಪರೀಕ್ಷೆ. ಹಿಂದಿನ ಶಿಲ್ಕು + ಜಮಾ − ಖರ್ಚು = ಹೊಸ ಶಿಲ್ಕು. ಈ ಒಂದು ಸೂತ್ರದಿಂದ ಗುಂಪುಗಳು ಎಂಟು ಸಾಲುಗಳನ್ನೂ ಪರೀಕ್ಷಿಸಿದವು. ಇದಕ್ಕೆ ಐದು ನಿಮಿಷ ಸಾಕಾಯಿತು. ಇದು ಮಕ್ಕಳಿಗೆ ಮೊದಲೇ ಬರುವ ಭಾಗ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ಹಂತ 3: ಮುಖ್ಯ ಪ್ರಶ್ನೆ. "ಜೂನ್ 4ರಂದು ಹೊಲಿಗೆಯಮ್ಮ ಮಗನ ಫೀಸು 2,500 ಕಟ್ಟಬೇಕು. ಕಟ್ಟಬಹುದೇ?" ಕೈಪುಸ್ತಕವನ್ನು ಇನ್ನೂ ಮಡಿಸಿಯೇ ಇಟ್ಟಿದ್ದರು. 3,869ರಲ್ಲಿ 2,500 ಹೋದರೆ 1,369 ಉಳಿಯುತ್ತದೆ, ಧಾರಾಳವಾಗಿ ಕಟ್ಟಬಹುದು ಎಂದು ಎಲ್ಲ ಗುಂಪುಗಳೂ ಹೇಳಿದವು. ಆಗ ಕೈಪುಸ್ತಕ ತೆರೆಯಲು ಹೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬಳು, "ಮಿಸ್, ಚೆಕ್ಕಿನ ದುಡ್ಡು ಪಾಸ್‌ಬುಕ್ಕಲ್ಲಿ ಕಳೆದೇ ಇಲ್ಲ!" ಎಂದಳು.

ಅಂಗಡಿಯವರು ಚೆಕ್ಕನ್ನು ಇನ್ನೂ ಬ್ಯಾಂಕಿಗೆ ಹಾಕಿಲ್ಲ, ಆದ್ದರಿಂದ ಬ್ಯಾಂಕಿಗೆ ಅದರ ಸುದ್ದಿಯೇ ಇಲ್ಲ. 3,869ರಲ್ಲಿ 1,800 ಈಗಾಗಲೇ ಬಟ್ಟೆ ಅಂಗಡಿಯವರದ್ದು. ಹೊಲಿಗೆಯಮ್ಮನ ಪಾಲಿಗೆ ಉಳಿದದ್ದು 2,069. ಫೀಸಿಗೆ 431 ಕಡಿಮೆ. ಹಾಗೆಯೇ ಕಟ್ಟಿಬಿಟ್ಟರೆ ಖಾತೆಯಲ್ಲಿ 1,369 ಉಳಿದು, 1,800ರ ಚೆಕ್ ವಾಪಸಾಗುತ್ತದೆ. ನನ್ನ ತಂದೆಯ ಕಥೆಯನ್ನು ಇಲ್ಲಿ ಹೇಳಿದೆ. ಮಕ್ಕಳು ನಗಲಿಲ್ಲ.

ಇದರಿಂದ ಮಕ್ಕಳೇ ಕಟ್ಟಿಕೊಂಡ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದೆ: "ಕೊಟ್ಟ ಹಣವನ್ನು ಕೊಟ್ಟ ದಿನವೇ ಕಳೆ. ಬರುವ ಹಣವನ್ನು ಬಂದ ದಿನವೇ ಕೂಡು."

ಹಂತ 4: ತಾಳೆ ನೋಡುವುದು. ಪಾಸ್‌ಬುಕ್ಕಿನಲ್ಲಿ 3,869, ಕೈಪುಸ್ತಕದಲ್ಲಿ 2,516. ವ್ಯತ್ಯಾಸ 1,353. ಎರಡರಲ್ಲೂ ಇರುವ, ಮೊತ್ತವೂ ಒಂದೇ ಆಗಿರುವ ಸಾಲುಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಸಿದೆ. ಗುರುತು ಬೀಳದೆ ಉಳಿದವು ಮೂರು ಬಗೆಯವು:

- ಕೈಪುಸ್ತಕದಲ್ಲಿದೆ, ಪಾಸ್‌ಬುಕ್ಕಿನಲ್ಲಿಲ್ಲ: ಚೆಕ್ 1,800
- ಪಾಸ್‌ಬುಕ್ಕಿನಲ್ಲಿದೆ, ಕೈಪುಸ್ತಕದಲ್ಲಿಲ್ಲ: 436 ಮತ್ತು 20
- ಎರಡರಲ್ಲೂ ಇದೆ, ಮೊತ್ತ ಬೇರೆ: 345 ಮತ್ತು 354

ಈಗ ಎರಡೂ ಕಡೆಯಿಂದ ಸರಿಪಡಿಸಬೇಕು. ಪಾಸ್‌ಬುಕ್: 3,869 − 1,800 = 2,069. ಕೈಪುಸ್ತಕ: 2,516 − 436 − 20 = 2,060; ಹೆಚ್ಚಾಗಿ ಕಳೆದಿದ್ದ 9 ಕೂಡಿದರೆ 2,069. ಎರಡೂ ಕಡೆ ಒಂದೇ ಸಂಖ್ಯೆ ಬಂದಾಗ ತರಗತಿಯಲ್ಲಿ ಎದ್ದ ಸದ್ದು ನನ್ನ ಇಡೀ ಇಂಟರ್ನ್‌ಶಿಪ್ಪಿನಲ್ಲಿ ಕೇಳಿದ ಒಳ್ಳೆಯ ಸದ್ದು.

ಹಂತ 5: ಒಂಬತ್ತರ ಸುಳಿವು. 345ನ್ನು 354 ಎಂದು ಬರೆದದ್ದು ಅಂಕಿಗಳು ಹಿಂದುಮುಂದಾದ ತಪ್ಪು. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರ ಗುಣಕವಾಗಿರುತ್ತದೆ: (10ಎ + ಬಿ) − (10ಬಿ + ಎ) = 9(ಎ − ಬಿ). ಬೀಜಗಣಿತ ಲೆಕ್ಕದ ಪುಸ್ತಕದಲ್ಲಿ ಕೆಲಸಕ್ಕೆ ಬರುವುದನ್ನು ತೋರಿಸಲು ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ. ಇಂಥದೇ ಇನ್ನೊಂದು ಸುಳಿವು: ಖರ್ಚನ್ನು ತಪ್ಪಿ ಜಮಾ ಕಾಲಮ್ಮಿನಲ್ಲಿ ಬರೆದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟಾಗುತ್ತದೆ. 500 ವ್ಯತ್ಯಾಸ ಬಂದರೆ 250ರ ಸಾಲನ್ನು ಹುಡುಕಬೇಕು.

ಇಷ್ಟು ಹೇಳಿದ ಮೇಲೆ ಒಬ್ಬ ಹುಡುಗ ಎದ್ದು ನಿಂತು, "ಮಿಸ್, 1,800 ಕೂಡ ಒಂಬತ್ತರಿಂದ ಭಾಗ ಆಗುತ್ತೆ. ಅದು ಅಂಕಿ ತಪ್ಪಿದ್ದಲ್ಲವಲ್ಲ?" ಎಂದ. ನನ್ನ ಯೋಜನೆಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಅವನ ಮಾತು ಸರಿ. ಅಂಕಿ ಅದಲುಬದಲಾದರೆ 9ರ ಗುಣಕ ಬರುತ್ತದೆ ನಿಜ, ಆದರೆ 9ರ ಗುಣಕ ಬಂದಾಗಲೆಲ್ಲ ಅಂಕಿ ಅದಲುಬದಲಾಗಿದೆ ಎಂದಲ್ಲ. ಹೇಳಿಕೆ ಮತ್ತು ಅದರ ವಿಲೋಮ ಒಂದೇ ಅಲ್ಲ ಎಂಬುದನ್ನು ಆ ಹುಡುಗನೇ ತರಗತಿಗೆ ಕಲಿಸಿದ. ಸಾಲುಗಳಿಗೆ ಗುರುತು ಹಾಕುವ ಕೆಲಸ ಮೊದಲು, ಸುಳಿವಿನ ಹಿಂದೆ ಹೋಗುವುದು ಆಮೇಲೆ ಎಂದು ತೀರ್ಮಾನಿಸಿದೆವು.

ಶಿಕ್ಷಕರು ತಿಳಿದಿರಬೇಕಾದ ವಿಷಯಾಂಶ

ಮಕ್ಕಳು ಪಾಠಯೋಜನೆಯ ಆಚೆಗೂ ಕೇಳುತ್ತಾರೆ. ಕೆಳಗಿನವನ್ನು ತಿಳಿದುಕೊಂಡು ತರಗತಿಗೆ ಹೋಗುವುದು ಒಳ್ಳೆಯದು.

ಚೆಕ್ಕಿನ ಆಯುಷ್ಯ: 2012ರ ಏಪ್ರಿಲ್ 1ರಿಂದ ಚೆಕ್ ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳು ಮಾತ್ರ ಚಲಾವಣೆಗೆ ಅರ್ಹ, ಅದಕ್ಕೂ ಮೊದಲು ಆರು ತಿಂಗಳಿತ್ತು. ಮೇ 30ರ ಚೆಕ್ ಆಗಸ್ಟ್ ಕೊನೆಯಲ್ಲೂ ಬ್ಯಾಂಕಿಗೆ ಬರಬಹುದು. ಅಲ್ಲಿಯವರೆಗೆ ಆ ಹಣವನ್ನು ಮುಟ್ಟದೆ ಇಡಬೇಕು.

ಚೆಕ್ ಬೌನ್ಸ್: ಸಾಲ ಅಥವಾ ಕೊಡಬೇಕಾದ ಹಣಕ್ಕಾಗಿ ಕೊಟ್ಟ ಚೆಕ್, ಖಾತೆಯಲ್ಲಿ ಹಣ ಸಾಲದೆ ವಾಪಸಾದರೆ ಅದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಅಡಿ ಅಪರಾಧವಾಗಬಹುದು. ಚೆಕ್ ಪಡೆದವರು, ಅದು ವಾಪಸಾದ ಮಾಹಿತಿ ಸಿಕ್ಕ 30 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನಗಳೊಳಗೆ ಹಣ ಕೊಟ್ಟರೆ ಪ್ರಕರಣ ಬೆಳೆಯುವುದಿಲ್ಲ. ಮಕ್ಕಳನ್ನು ಹೆದರಿಸಲು ಇದನ್ನು ಹೇಳಬೇಕಾಗಿಲ್ಲ. ಚೆಕ್ ಎಂಬುದು ಸಹಿ ಹಾಕಿದ ಮಾತು ಎಂದು ತಿಳಿಸಲು ಹೇಳಬೇಕು.

436 ಮತ್ತು 20: ಪಿಎಂಜೆಜೆಬಿವೈ ಎಂದರೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆ, ಪಿಎಂಎಸ್‌ಬಿವೈ ಎಂದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಮೊದಲನೆಯದು 2 ಲಕ್ಷ ರೂಪಾಯಿಯ ಜೀವ ವಿಮೆ, ಎರಡನೆಯದು ಅಪಘಾತ ವಿಮೆ. 2022ರ ಜೂನ್ 1ರಿಂದ ಇವುಗಳ ವಾರ್ಷಿಕ ಕಂತು 436 ಮತ್ತು 20 ರೂಪಾಯಿ. ಮೊದಲು 330 ಮತ್ತು 12 ಇತ್ತು. ವಿಮೆಯ ವರ್ಷ ಜೂನ್ 1ರಿಂದ ಮೇ 31. ಒಪ್ಪಿಗೆ ಕೊಟ್ಟವರ ಖಾತೆಯಿಂದ ಕಂತು ತಾನಾಗಿ ಕಡಿತವಾಗುತ್ತದೆ. ಹಾಗಾಗಿ ಮೇ ತಿಂಗಳ ಕೊನೆಯಲ್ಲಿ ಖಾತೆಯಲ್ಲಿ ಕಂತಿಗೆ ಸಾಲುವಷ್ಟು ಹಣ ಇರಬೇಕು.

ಬಡ್ಡಿ: 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಯ ಬಡ್ಡಿಯನ್ನು ಪ್ರತಿದಿನದ ಶಿಲ್ಕಿನ ಮೇಲೆ ಲೆಕ್ಕಹಾಕುತ್ತಾರೆ. ಹಿಂದೆ ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲಷ್ಟೇ ಬಡ್ಡಿ ಸಿಗುತ್ತಿತ್ತು. ಶೇಕಡ 3 ದರವೆಂದು ಇಟ್ಟುಕೊಂಡರೆ 2,000 ರೂಪಾಯಿಗೆ 30 ದಿನಕ್ಕೆ 2000 × 30 × 3 ÷ 36500, ಅಂದರೆ ಸುಮಾರು 4 ರೂಪಾಯಿ 93 ಪೈಸೆ. ಸರಳಬಡ್ಡಿಯ ಪಾಠಕ್ಕೆ ಇದೇ ಪುಟವನ್ನು ಮುಂದುವರಿಸಬಹುದು.

ಕನಿಷ್ಠ ಶಿಲ್ಕು: ಮೂಲ ಉಳಿತಾಯ ಖಾತೆಗಳಿಗೆ, ಜನಧನ್ ಖಾತೆಗಳೂ ಸೇರಿ, ಕನಿಷ್ಠ ಶಿಲ್ಕಿನ ಷರತ್ತಿಲ್ಲ. ಉಳಿದ ಖಾತೆಗಳ ನಿಯಮ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಶಾಖೆಯಲ್ಲೇ ಕೇಳಬೇಕು.

ಬಳಸದ ಖಾತೆ: ಎರಡು ವರ್ಷಕ್ಕೂ ಮೇಲ್ಪಟ್ಟು ಖಾತೆದಾರರು ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹಣ ಎಲ್ಲಿಗೂ ಹೋಗುವುದಿಲ್ಲ. ಗುರುತಿನ ದಾಖಲೆ ಕೊಟ್ಟು ಮತ್ತೆ ಚಾಲನೆ ಮಾಡಿಸಬಹುದು.

ಯುಪಿಐ: ಚಹಾ, ಬಸ್ಸು, ತರಕಾರಿಯ ಸಣ್ಣ ಮೊತ್ತಗಳೇ ಲೆಕ್ಕ ತಪ್ಪಿಸುವುದು. ಯುಪಿಐ ಲೈಟ್ ಬಳಸುವವರ ಪಾಸ್‌ಬುಕ್ಕಿನಲ್ಲಿ ಅದಕ್ಕೆ ಹಣ ತುಂಬಿದ ಸಾಲು ಮಾತ್ರ ಇರುತ್ತದೆ, ಒಂದೊಂದು ಖರ್ಚೂ ಬೇರೆಯಾಗಿ ಕಾಣುವುದಿಲ್ಲ. ಕೈಪುಸ್ತಕದ ಅಗತ್ಯ ಮೊಬೈಲಿನ ಕಾಲದಲ್ಲೂ ಹೋಗಿಲ್ಲ.

ಮೌಲ್ಯಮಾಪನ

1. ಶಿಲ್ಕು 5,120. ಕೊಟ್ಟ ಚೆಕ್ 2,250 ಇನ್ನೂ ಬ್ಯಾಂಕಿಗೆ ಬಂದಿಲ್ಲ. 2,000 ರೂಪಾಯಿ ನಾಳೆ ಜಮೆಯಾಗುತ್ತದೆ ಎಂದು ಹೇಳಿದ್ದಾರೆ. ಇಂದು ಖರ್ಚು ಮಾಡಬಹುದಾದ ಹಣ ಎಷ್ಟು? (2,870)
2. ಎರಡು ಲೆಕ್ಕಗಳ ವ್ಯತ್ಯಾಸ 63. ಎರಡಂಕಿಯ ಒಂದು ಮೊತ್ತದ ಅಂಕಿಗಳು ಹಿಂದುಮುಂದಾಗಿವೆ. ಅಂಥ ಒಂದು ಜೋಡಿ ಬರೆಯಿರಿ. (81 ಮತ್ತು 18; 92 ಮತ್ತು 29)
3. ಪಾಸ್‌ಬುಕ್ಕಿನಲ್ಲಿ ಅರ್ಥವಾಗದ ಕಡಿತ ಕಂಡರೆ ಏನು ಮಾಡುವಿರಿ? ಎರಡು ವಾಕ್ಯ ಬರೆಯಿರಿ.

ಮೊದಲ ಪ್ರಶ್ನೆಯಲ್ಲಿ ತಪ್ಪಿದವರಲ್ಲಿ ಹೆಚ್ಚಿನವರು ಬರೆದದ್ದು 4,870. ಅವರು ಚೆಕ್ಕನ್ನು ಸರಿಯಾಗಿ ಕಳೆದು, ನಾಳೆಯ ಹಣವನ್ನು ಇಂದೇ ಕೂಡಿದ್ದರು. ನಿಯಮದ ಮೊದಲರ್ಧ ಮನಸ್ಸಿಗೆ ಇಳಿದಿತ್ತು, ಎರಡನೆಯ ಅರ್ಧಕ್ಕೆ ಉದಾಹರಣೆಯೇ ನನ್ನ ಪಾಠದಲ್ಲಿ ಇರಲಿಲ್ಲ. ಮುಂದಿನ ಸಲ ಹೊಲಿಗೆಯಮ್ಮನಿಗೆ ಒಬ್ಬ ಗಿರಾಕಿ "ನಾಳೆ ಹಾಕ್ತೀನಿ" ಎಂದ ಹಣವನ್ನೂ ಸೇರಿಸುತ್ತೇನೆ.

ಪಾಠದ ನಂತರ

ಅವಧಿ ಮುಗಿದು ಮಕ್ಕಳು ಊಟಕ್ಕೆ ಹೋದ ಮೇಲೆ ಆ ಹುಡುಗಿ ಬಾಗಿಲ ಬಳಿ ನಿಂತಿದ್ದಳು. "ಮಿಸ್, ನಮ್ಮಮ್ಮಂದರಾಗೂ ಹೋದ ವರ್ಷ 436 ಕಟ್ ಆಗಿತ್ತು. ಬ್ಯಾಂಕ್‌ನೋರು ತಿಂದ್ರು ಅಂತ ಅಮ್ಮ ಆಮೇಲೆ ದುಡ್ಡೇ ಹಾಕಿಲ್ಲ," ಎಂದಳು. ಚೀಲದಿಂದ ಪಾಸ್‌ಬುಕ್ ತೆಗೆದಳು. ಮೊದಲು ಅವಳಲ್ಲಿ ಕ್ಷಮೆ ಕೇಳಿದೆ. ಆಮೇಲೆ ಇಬ್ಬರೂ ಓದಿದೆವು. ಹೋದ ವರ್ಷದ ಮೇ ತಿಂಗಳಲ್ಲಿ 436 ಮತ್ತು 20 ಎರಡೂ ಕಡಿತವಾಗಿದ್ದವು. ಈ ವರ್ಷ 20 ಮಾತ್ರ: 47ರಲ್ಲಿ 20 ಹೋಗಿ 27. ತರಗತಿ ನಕ್ಕಿದ್ದು ಆ 27ಕ್ಕೆ.

ಅಪಘಾತ ವಿಮೆಯ ಕಂತು ಕಟ್ಟಿದೆ, ಜೀವ ವಿಮೆಯ ಕಂತಿಗೆ ಹಣ ಸಾಲದೆ ಹೋಗಿರಬಹುದು, ಅಮ್ಮ ಶಾಖೆಗೆ ಹೋಗಿ ಕೇಳಲಿ ಎಂದು ಒಂದು ಚೀಟಿ ಬರೆದುಕೊಟ್ಟೆ. ಮುಂದಿನ ವಾರ ಅವಳ ತಾಯಿ ಬ್ಯಾಂಕಿಗೆ ಹೋಗಿಬಂದರು. ಮತ್ತೆ ಸೇರಲು ಫಾರಂ ಕೊಟ್ಟಿದ್ದಾರೆ ಎಂದು ಹುಡುಗಿ ಹೇಳಿದಳು. ಅಲ್ಲಿಗೆ ನನ್ನ ಇಂಟರ್ನ್‌ಶಿಪ್ ಮುಗಿಯಿತು. ಈ ಸಂಗತಿಯನ್ನು ಹೆಸರಿಲ್ಲದೆ ಬರೆಯಲು ಅವರಿಬ್ಬರನ್ನೂ ಕೇಳಿ ಒಪ್ಪಿಗೆ ಪಡೆದಿದ್ದೇನೆ.

ಮುಂದೆ ಬೋಧಿಸುವವರಿಗೆ

ಮನೆಯ ಪಾಸ್‌ಬುಕ್ ತರಿಸಬೇಡಿ; ಮಾದರಿ ಪುಟ ಒಂದು ಸಂಜೆಯ ಕೆಲಸ. ಆ ಪುಟದಲ್ಲಿ ನಿಮ್ಮ ಊರಿನ ಮನೆಗಳಲ್ಲಿ ನಿಜವಾಗಿ ಬರುವ ಸಾಲುಗಳಿರಲಿ: ಹಾಲಿನ ಡೇರಿಯ ಬಟವಾಡೆ, ಉದ್ಯೋಗ ಖಾತರಿಯ ಕೂಲಿ, ಸಂಘದ ಸಾಲದ ಕಂತು. ಪಿನ್, ಒಟಿಪಿ ಯಾರಿಗೂ ಹೇಳಬಾರದು ಎಂಬ ಮಾತನ್ನು ಪಾಠದ ಕೊನೆಗೆ ಬಿಡದೆ, ಯುಪಿಐ ಸಾಲು ಬಂದಾಗಲೇ ಹೇಳಿ. ಅರ್ಥವಾಗದ ಕಡಿತ ಕಂಡರೆ ಶಾಖೆಗೆ ಹೋಗಿ ಕೇಳುವುದು ಖಾತೆದಾರರ ಹಕ್ಕು ಎಂದು ಮಕ್ಕಳ ಬಾಯಲ್ಲೇ ಹೇಳಿಸಿ. ಮನೆಗೆ ಹೋಗಿ ಅದನ್ನು ಹೇಳುವವರು ಅವರೇ. ಅವಧಿಯಲ್ಲಿ ಹೆಚ್ಚಿನ ಸಮಯವನ್ನು ಮೂರನೆಯ ಮತ್ತು ನಾಲ್ಕನೆಯ ಹಂತಗಳಿಗೆ ಇಟ್ಟುಕೊಳ್ಳಿ.

ನನ್ನ ತಂದೆಗೆ ಈ ಮಾದರಿ ಪುಟವನ್ನು ತೋರಿಸಿದೆ. ಮೇ 30ರ ಚೆಕ್ಕಿನ ಸಾಲಿನ ಮೇಲೆ ಬೆರಳಿಟ್ಟು, "ಇದೇ ನೋಡು" ಎಂದರು. ಈಗ ಅವರ ಚೆಕ್ ಪುಸ್ತಕದ ಜೊತೆಗೆ ನಲವತ್ತು ಪುಟದ ಒಂದು ನೋಟ್‌ಬುಕ್ಕನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದಾರೆ.